ದಾಕ್ಷಾಯಿಣಿಯ ಎರಡನೆಯ ದನಿ

"ಬೆಟಗೇರಿ ನಾಕಾ! ಇಳಿಯೋರು ಮುಂದ ಬರ್ರಿ, ಹತ್ತೋರು ಹಿಂದಿಂದ ಹತ್ರಿ!"

ಕಂಡಕ್ಟರ್ ದಾಕ್ಷಾಯಿಣಿಯ ತುಟಿಗಳು ಅಲುಗಿದವು. ದನಿ ಮಾತ್ರ ಕೊರಳಿಗೆ ಸುತ್ತಿದ್ದ ಎರಡು ಬೆರಳಗಲದ ಪಟ್ಟಿಯಿಂದ ಬಂತು. ಕ್ಯಾನ್ಸರ್ ಆಕೆಯ ಧ್ವನಿಪೆಟ್ಟಿಗೆಯನ್ನು ಕಸಿದುಕೊಂಡು ಐದು ವರ್ಷವಾಗಿತ್ತು. ಮಾತಾಡಲು ಹೊರಟಾಗ ಗಂಟಲಿನ ಸ್ನಾಯುಗಳಲ್ಲಿ ಹುಟ್ಟುವ ನವಿರಾದ ವಿದ್ಯುತ್ ಸಂಜ್ಞೆಗಳನ್ನು ಓದಿ ಮಾತಾಗಿಸುವ ಈ ಕೊರಳಪಟ್ಟಿ, ೨೦೫೮ರ ಹೊತ್ತಿಗೆ ಗದಗಿನ ಸರಕಾರಿ ಬಸ್ಸನ್ನೂ ಹತ್ತಿತ್ತು.

ಪಟ್ಟಿಯ ಜೊತೆ ಕೊಟ್ಟದ್ದು ಯಂತ್ರದ ದನಿ. ಸ್ವಂತ ದನಿ ಬೇಕೆಂದರೆ, ಹಳೆಯ ಧ್ವನಿಮುದ್ರಣಗಳಿಂದ ಅದನ್ನು ಕಲಿಯುವ ಬೇರೊಂದು ತಂತ್ರಾಂಶ ಬೇಕು. ಅದರ ಪರವಾನಗಿ ದುಬಾರಿ. ಮೊಬೈಲ್ ಅಂಗಡಿಯ ಈರಣ್ಣ, "ಬೀಗ ಮುರದಿದ್ದು ಐತ್ರಿ ಮೇಡಂ, ಪರವಾನಗಿ ಎದಕ್ಕ?" ಎಂದು ಕದ್ದ ಪ್ರತಿಯೊಂದನ್ನು ಹಾಕಿಕೊಟ್ಟ. ಐದು ವರ್ಷದ ಮೇಲೆ ತನ್ನದೇ ದನಿ ಕೇಳಿದ ದಾಕ್ಷಾಯಿಣಿ ಅಂಗಡಿಯಲ್ಲೇ ಅತ್ತುಬಿಟ್ಟಳು.

ಏಳು ತಿಂಗಳು ಕಳೆದವು. ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಮನೆಗೆ ಬಂದರೆ ಕಟ್ಟೆಯ ಮೇಲೆ ಅಕ್ಕ ಬಸಲಿಂಗವ್ವ ಕುಳಿತಿದ್ದಳು. ಮುಂಡರಗಿಯಿಂದ ಓಡಿಬಂದಿದ್ದಳು.

"ಬಸ್ಸಿನಿಂದ ಬಿದ್ದೀನಿ, ದವಾಖಾನಿಗೆ ಬಾ ಅಂದೆಲ್ಲ? ಯಾವ ದವಾಖಾನ್ಯಾಗೂ ನೀ ಇಲ್ಲ. ಅಷ್ಟರಾಗ ಬಾಜೂ ಮನಿಯಾಕಿ ಫೋನು, ನಮ್ಮ ಬಾಗಲಾ ಮುರದೈತಂತ. ಅವ್ವನ ಬೆಳ್ಳಿ ಡಾಬು ಹೋತು, ದಾಕ್ಷೀ."

"ನಾ ಫೋನ್ ಮಾಡಿಲ್ಲ!"

"ನಿಂದ ದನಿ ಅದು. ನನಗ ಗೊತ್ತಾಗೂದಿಲ್ಲೇನು?"

ಆಮೇಲೆ ಅಕ್ಕ ಫೋನ್ ಎತ್ತುವುದೇ ಅಪರೂಪವಾಯಿತು. ಎತ್ತಿದರೂ "ಖರೇ ನೀನ ಏನು?" ಎಂದೇ ಮೊದಲು ಕೇಳುವಳು. ಡಾಬು ಹೋದದ್ದಕ್ಕಿಂತ ಆ ಪ್ರಶ್ನೆ ದಾಕ್ಷಾಯಿಣಿಯನ್ನು ಹೆಚ್ಚು ಸುಟ್ಟಿತು. ಕೊನೆಗೆ ಅಕ್ಕನ ಕೈಹಿಡಿದು ಧಾರವಾಡಕ್ಕೆ, ಕೊರಳಪಟ್ಟಿಯನ್ನು ರೂಪಿಸಿದ ಡಾ. ನಸೀಮಾ ಬಾಗವಾನರ ಪ್ರಯೋಗಾಲಯಕ್ಕೆ ಕರೆದೊಯ್ದಳು.

ನಸೀಮಾ ಪಟ್ಟಿಯನ್ನು ಬಿಚ್ಚಿಸಿ ಕಂಪ್ಯೂಟರಿಗೆ ಜೋಡಿಸಿದರು. ಪರದೆಯ ಸಾಲುಗಳನ್ನು ಒಂದೊಂದಾಗಿ ಓದಿದರು.

"ತಂತ್ರಾಂಶದ ಬೀಗ ಮುರದವರು ತಮಗಂತ ಒಂದು ಹಿತ್ತಲ ಬಾಗಲಾ ಇಟ್ಕೊಂಡಾರ. ನೀವು ಆಡಿದ್ದೆಲ್ಲ ಅವರಿಗೆ ಮುಟ್ಟೇತಿ. ಅಕ್ಕನ ಹೆಸರು, ಊರು, ನಿಮ್ಮ ದನಿ. ದೋಷ ತಿದ್ದೂ ಅಪ್‌ಡೇಟ್ ಕಂಪನಿಯವರು ಕಳಸ್ತಾರ, ಆದ್ರ ಕದ್ದ ಪ್ರತಿಗೆ ಅದು ಮುಟ್ಟೂದಿಲ್ಲ."

ದಾಕ್ಷಾಯಿಣಿ ಚೀಟಿಯಲ್ಲಿ ಬರೆದಳು: "ಹಂಗಾದ್ರ ಮತ್ತ ಆ ಯಂತ್ರದ ದನೀನ ಗತಿ ಏನು?"

"ಯಾಕ್ರಿ? ಮುಕ್ತ ತಂತ್ರಾಂಶ ಐತಿ. ನೂರಾರು ಮಂದಿ ಕೂಡಿ ಬರದು, ಯಾರು ಬೇಕಾದ್ರೂ ತಗೋರಿ, ಒಳಗ ಏನೈತಿ ನೋಡ್ರಿ ಅಂತ ಬಿಟ್ಟಿದ್ದು. ಬಿಟ್ಟಿ ಐತಿ, ಕಾಯದೇಶೀರನೂ ಐತಿ. ಒಂದು ಮಾತು ಕೇಳಿದ್ರ ಅವತ್ತ ಹಾಕಿಕೊಡ್ತಿದ್ದೆ." ನಸೀಮಾ ತಡೆದು ಹೇಳಿದರು, "ಹಳೇ ದನಿ ಮಾತ್ರ ಬ್ಯಾಡ. ಅದರ ನಕಲು ಕಳ್ಳರ ಕೈಯಾಗೈತಿ. ಬ್ಯಾರೆ ಯಾರಾದ್ರೂ ದನಿ ಕೊಡಬೇಕು."

ದಾಕ್ಷಾಯಿಣಿ ತಲೆ ತಗ್ಗಿಸಿದಳು. ಬಸಲಿಂಗವ್ವ ಸೆರಗು ಸರಿಮಾಡಿಕೊಂಡಳು.

"ನನ್ನ ದನಿ ನಡಿತೈತೇನ್ರಿ? ಸ್ವಲ್ಪ ಗೊಗ್ಗರ ಐತಿ."

ಮೂರು ದಿನ ಅವಳು ಮೈಕಿನ ಮುಂದೆ ಆರುನೂರು ವಾಕ್ಯ ಓದಿದಳು. "'ಆನೆ ಮೆಟ್ಟಿಲು ಹತ್ತಿತು' ಅಂತ! ಆನಿ ಎಲ್ಲ್ಯಾರ ಮೆಟ್ಟಲಾ ಹತ್ತತೈತೇನ್ರಿ?" ಎಂದು ನಡುವೆ ಜಗಳಕ್ಕೇ ನಿಂತಳು. ಗಾಜಿನಾಚೆ ದಾಕ್ಷಾಯಿಣಿಯ ಹೆಗಲು ಸದ್ದಿಲ್ಲದ ನಗೆಯಲ್ಲಿ ಕುಲುಕಿದವು.

ನಾಲ್ಕನೆಯ ದಿನ ಪಟ್ಟಿ ಮತ್ತೆ ಕೊರಳಿಗೆ ಬಂತು. ದಾಕ್ಷಾಯಿಣಿ, "ಅಕ್ಕಾ" ಎಂದಳು.

ಬಸಲಿಂಗವ್ವ ಬೆಚ್ಚಿದಳು. ಅವಳು ಮನೆಯ ಹಿರಿಮಗಳು. ಅವಳದೇ ಆ ದನಿ ಮನೆಯಲ್ಲಿ ಯಾರನ್ನೂ 'ಅಕ್ಕಾ' ಎಂದು ಕರೆದಿರಲಿಲ್ಲ.

"ಇನ್ನೊಮ್ಮೆ ಅನ್ನು," ಎಂದಳು.

ಹೊರಡುವಾಗ ದಾಕ್ಷಾಯಿಣಿ ಹಳೆಯ ದನಿಯ ಬಗ್ಗೆ ಕೇಳಿದಳು.

"ಪೊಲೀಸರಿಗೆ ಬರದು ಕೊಟ್ಟೀನಿ. ವಾಪಸ್ ಕರಿಯಾಕ ಮಾತ್ರ ಬರೂದಿಲ್ರಿ," ಎಂದರು ನಸೀಮಾ. "ನಮ್ಮಜ್ಜನ ಕಾಲದಾಗ ಕಂಪ್ಯೂಟರಿಗೆ ಕದ್ದ ಪ್ರತಿ ಹಾಕಸ್ಕೋತಿದ್ರಂತ, 'ನನ್ನ ಹತ್ರ ಕದಿಯೂವಂಥಾದ್ದು ಏನೈತಿ' ಅಂತ. ಇತ್ರಿ. ಅವರಿಗೆ ಗೊತ್ತಿದ್ದಿಲ್ಲ, ಅಷ್ಟ."

ಬಸ್ಸು ನವಲಗುಂದ ದಾಟಿದ ಮೇಲೆ ಬಸಲಿಂಗವ್ವನ ಫೋನು ರಿಂಗಾಯಿತು. ಗೊತ್ತಿಲ್ಲದ ನಂಬರು. ಕಿವಿಗಿಟ್ಟುಕೊಂಡವಳ ಮುಖ ಬಿಳಿಚಿಕೊಂಡಿತು. ಪಕ್ಕದಲ್ಲಿದ್ದ ದಾಕ್ಷಾಯಿಣಿಗೂ ಕೇಳಿಸಿತು. ಮೆತ್ತಗಿನ, ತುಸು ದಣಿದ, ತಾನು ಹುಟ್ಟಿನಿಂದ ತಂದಿದ್ದ ದನಿ: "ನಾನ, ದಾಕ್ಷಿ…"

ಬಸಲಿಂಗವ್ವ ತಟ್ಟನೆ ಕರೆ ಕತ್ತರಿಸಲಿಲ್ಲ. ಐವತ್ತು ವರ್ಷ ಕೇಳಿದ ದನಿ. ಕಣ್ಣು ಮುಚ್ಚಿ ಒಂದು ಗಳಿಗೆ ಕೇಳಿದಳು. ಆಮೇಲೆ ತಂಗಿಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಫೋನಿಗೆ ಹೇಳಿದಳು:

"ನಮ್ಮ ದಾಕ್ಷಿ ಇಲ್ಲೇ ಕುಂತಾಳ."