ಅಮಾವಾಸ್ಯೆಗೆ ತಡೆದಿಟ್ಟ ಮೇಲ್

ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ವಚನಾ ಎಂಬ ಯುವತಿ ಬಸವೇಶ್ವರನಗರದ ಠಾಣೆಗೆ ಬಂದು ದೂರು ಕೊಟ್ಟಳು. ಆಕೆ ಮೂಡಲಪಾಳ್ಯದ ಶಾಲೆಯೊಂದರಲ್ಲಿ ಗಣಿತದ ಶಿಕ್ಷಕಿ. ಮುಂದಿನ ವಾರ ದಾವಣಗೆರೆಯ ಶಿವಕಿರಣ್ ಜೊತೆ ನಿಶ್ಚಿತಾರ್ಥ ಆಗಬೇಕಿತ್ತು. ಸಂಬಂಧ ಕೂಡಿಸಿದ್ದ ವಧೂವರರ ಕೇಂದ್ರದ ವಿಳಾಸದಿಂದಲೇ ಸೋಮವಾರ ಹುಡುಗನ ಮನೆಗೆ ಮೇಲ್ ಹೋಗಿತ್ತು. ಹುಡುಗಿಗೆ ಮೂರ್ಛೆರೋಗವಿದೆ, ಹೆತ್ತವರು ಮುಚ್ಚಿಟ್ಟಿದ್ದಾರೆ ಎಂದು ಅದರಲ್ಲಿತ್ತು. ಅಂದೇ ಸಂಜೆ ಹುಡುಗನ ಕಡೆಯವರು ಮಾತು ಮುರಿದರು.

“ಸಂಬಂಧ ಮುರಿದ್ರೆ ಮುರೀಲಿ ಸಾರ್, ಸುಳ್ಳಿನಿಂದ ಮುರೀಬಾರದು. ನಾಳೆ ಇದೇ ಮಾತು ಸ್ಕೂಲಿಗೂ ಬರುತ್ತೆ. ಆಮೇಲೆ ಮಕ್ಕಳನ್ನ ನನ್ನ ಹತ್ರ ಬಿಡ್ತಾರಾ?” ಎಂದಳು ವಚನಾ.

ಇನ್ಸ್‌ಪೆಕ್ಟರ್ ಬೈರಪ್ಪನವರದು ಹುಟ್ಟು ಅನುಮಾನ. ಹೆಂಡತಿ ತಂದ ತೊಗರಿಬೇಳೆಯನ್ನೂ ಅಂಗೈಯಲ್ಲಿ ಹರಡಿ ನೋಡಿದ ಮೇಲೆಯೇ ಅಡುಗೆಮನೆಗೆ ಬಿಡುವ ಆಸಾಮಿ. ದೂರು ಕೊಟ್ಟವಳ ಮೇಲೂ ಅವರಿಗೆ ಅನುಮಾನ ಬಂತು.

“ಕಾಯಿಲೆ ಇಲ್ಲ ಅನ್ನೋದಕ್ಕೆ ಏನಮ್ಮಾ ಗ್ಯಾರಂಟಿ?”

ವಚನಾ ಡಾಕ್ಟರ ವರದಿಯನ್ನು ಮೇಜಿನ ಮೇಲಿಟ್ಟಳು. “ಕೇಳ್ತೀರ ಅಂತ ಗೊತ್ತಿತ್ತು ಸಾರ್.”

ಬೈರಪ್ಪನವರಿಗೆ ನಾಚಿಕೆಯಾಯಿತು. ಐಟಿ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಇಂಥ ಪ್ರಕರಣವನ್ನು ಇನ್ಸ್‌ಪೆಕ್ಟರೇ ತನಿಖೆ ಮಾಡಬೇಕು, ಇನ್ನೊಬ್ಬರ ತಲೆಗೆ ಕಟ್ಟುವಂತಿಲ್ಲ. ಕಾನ್‌ಸ್ಟೆಬಲ್ ಭಾಗವ್ವನನ್ನು ಕರೆದುಕೊಂಡು ಅವರು ಮಧ್ಯಾಹ್ನವೇ ಹೊರಟರು.

ಕೇಂದ್ರದ ಮಾಲೀಕ ಏಕಾಂತಯ್ಯ, ಹಣೆ ತುಂಬ ವಿಭೂತಿ ಧರಿಸುವ ಹಿರಿಯರು. ಮನೆತನಗಳ ವಿಷಯ ಹೊರಗಿನ ಕಂಪನಿಗಳ ಕೈಗೆ ಸಿಗಬಾರದೆಂದು ಆಫೀಸಿನಲ್ಲೇ ಸ್ವಂತ ಮೇಲ್ ಸರ್ವರ್ ಇಡಿಸಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದವನು ಬಾಗಲಕೋಟೆ ಕಡೆಯ ರುದ್ರೇಶ.

“ಅವನೇ ಸಾರ್,” ಎಂದರು ಏಕಾಂತಯ್ಯ, ಯಾರೂ ಕೇಳುವ ಮೊದಲೇ. “ಬೇರೆಯವರನ್ನ ಕರೆಸಿ ನೋಡಿಸಿದೆ. ಮೇಲ್ ಹೋಗಿರೋದು ಅವನ ಪಾಸ್‌ವರ್ಡ್‌ನಲ್ಲಿ. ಅದು ಹೋದಾಗ ಅವನು ಇಲ್ಲೇ ಕೂತಿದ್ದ.”

“ಅವನಿಗೇನು ದ್ವೇಷ?”

“ನಂದೂ ಒಂದು ಹೆಸರು ಬರ್ಕೊಳ್ಳಿ ಅಂದಿದ್ದ. ಹೇರೋಹಳ್ಳೀಲಿ ಸಿಂಗಲ್ ರೂಮಲ್ಲಿ ಇರೋನಿಗೆ ಯಾರಪ್ಪಾ ಹೆಣ್ಣು ಕೊಡ್ತಾರೆ ಅಂದೆ. ಅದೇ ಸಿಟ್ಟು.”

ಹನ್ನೊಂದು ವರ್ಷದಿಂದ ಅಲ್ಲಿ ಕೆಲಸಕ್ಕಿದ್ದ ಉಮಾಶ್ರೀ ಮಜ್ಜಿಗೆ ತಂದಿಟ್ಟಳು. ಸೋಮವಾರ ರಜೆ ಹಾಕಿ ಕೆಂಗೇರಿಯ ಚಿಕ್ಕಮ್ಮನ ಮನೆಗೆ ಹೋಗಿದ್ದೆನೆಂದಳು. ಅದನ್ನು ಯಾರೂ ಕೇಳಿರಲಿಲ್ಲ. ಬೈರಪ್ಪ ಮಜ್ಜಿಗೆ ಕುಡಿದರು, ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರು. ಪಂಚರ ಎದುರಿನಲ್ಲಿ ಸರ್ವರಿನ ದಾಖಲೆಯ ಪ್ರತಿ ತೆಗೆದು ಪಂಚನಾಮೆ ಬರೆಸಿದರು.

ಗುರುವಾರ ಬೆಳಗ್ಗೆ ನೋಟಿಸ್ ಪಡೆದ ರುದ್ರೇಶ ಠಾಣೆಗೆ ಬಂದ. ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದ.

“ಪಾಸ್‌ವರ್ಡ್ ಯಾರದ್ದು?”

“ನಂದ ಐತ್ರಿ ಸರ.”

“ಹೊರಗಿನವರು ಯಾರಾದ್ರೂ ಕೇಂದ್ರದ ಹೆಸರು ಹಾಕ್ಕೊಂಡು ಕಳಿಸಿರಬಹುದಲ್ವಾ?”

ರುದ್ರೇಶ ತಲೆಯಾಡಿಸಿದ. “ಆಗೂದಿಲ್ರಿ. ನಮ್ಮ ಸರ್ವರ್ ಪ್ರತಿ ಮೇಲಿಗೂ ತನ್ನ ಗುರುತು ಒತ್ತಿ ಕಳಸ್ತೈತಿ. ಇದರ ಮ್ಯಾಲೂ ಆ ಗುರುತು ಐತ್ರಿ. ಒಳಗಿಂದನ ಹೋಗೇತಿ.”

ಬೈರಪ್ಪನವರ ಅನುಮಾನ ಅಲ್ಲಿಗೆ ಮಗ್ಗಲು ಬದಲಿಸಿತು. ತಪ್ಪಿಸಿಕೊಳ್ಳಲಿ ಎಂದೇ ಅವರು ಆ ಪ್ರಶ್ನೆಯ ಬಾಗಿಲು ತೆರೆದಿಟ್ಟಿದ್ದರು. ಈ ಹುಡುಗ ತಾನೇ ಎದ್ದು ಹೋಗಿ ಅದನ್ನು ಮುಚ್ಚಿ ಬಂದಿದ್ದ. ಮಾಡಿದವನಾಗಿದ್ದರೆ ಹೀಗೆ ಹೇಳುತ್ತಿದ್ದನೇ?

“ಸೋಮವಾರ ಅಲ್ಲಿ ಏನು ಕೆಲಸ ಇತ್ತು?”

“ಹಿಂದಿನ ದಿನ ಅಮಾಸಿ ಇತ್ತಲ್ರಿ. ತಡದಿಟ್ಟ ಮೇಲ್ ಬಿಡಾಕ ಹೋಗಿದ್ದೆ.”

ಅಮಾವಾಸ್ಯೆಯಂದು ಸಂಬಂಧದ ಮಾತು ಹೊರಗೆ ಹೋಗಬಾರದೆಂಬುದು ಏಕಾಂತಯ್ಯನವರ ಕಟ್ಟುನಿಟ್ಟು. ಅದಕ್ಕಾಗಿ ರುದ್ರೇಶ ಸರ್ವರನ್ನೇ ಹಾಗೆ ಹೊಂದಿಸಿದ್ದ. ಅಂದು ಬರೆದ ಮೇಲ್‌ಗಳು ಒಳಗೇ ಸಾಲುಗಟ್ಟಿ ನಿಂತಿರುತ್ತವೆ, ಮರುದಿನ ಅವನು ಬಂದು ಬಿಟ್ಟಾಗ ಒಟ್ಟಿಗೆ ಹೋಗುತ್ತವೆ.

“ಬಿಡೋ ಮೊದಲು ಓದಲ್ವಾ?”

“ಮಂದಿ ಮನಿ ಮಾತು ನಾನ್ಯಾಕ ಓದ್ಲಿರಿ?”

ಬೈರಪ್ಪ ದಾಖಲೆಯನ್ನು ರುದ್ರೇಶನ ಮುಂದೆ ಹರಡಿದರು. ದೂರು ಎದ್ದಂದಿನಿಂದ ಏಕಾಂತಯ್ಯ ಅವನನ್ನು ಸರ್ವರಿನ ಹತ್ತಿರ ಬಿಟ್ಟಿರಲಿಲ್ಲ. ಎಲ್ಲರೂ ನೋಡಿದ್ದು ಮೇಲ್ ಹೊರಗೆ ಹೋದ ಸಮಯವನ್ನು. ಅದು ಸರ್ವರಿನೊಳಗೆ ಬಂದ ಸಮಯ ಇನ್ನೂ ಮೇಲಿನ ಸಾಲಿನಲ್ಲಿತ್ತು: ಭಾನುವಾರ, ಅಮಾವಾಸ್ಯೆ, ಮಧ್ಯಾಹ್ನ 1.20. ಬರೆದದ್ದು ಕೇಂದ್ರದ ಮುಂದಿನ ಕೋಣೆಯ ಕಂಪ್ಯೂಟರಿನಿಂದ.

“ಭಾನುವಾರ ನೀನೆಲ್ಲಿದ್ದೆ?”

“ಸುಂಕದಕಟ್ಟೆ ಫ್ಯಾಕ್ಟರಿಯಾಗ್ರಿ. ದಿನಪೂರ್ತಿ ಕೇಬಲ್ ಎಳದೆ.”

ಭಾಗವ್ವ ಹೋಗಿ ಫ್ಯಾಕ್ಟರಿಯ ಕ್ಯಾಮೆರಾ ನೋಡಿ ಬಂದಳು. ಹುಡುಗ ಹೇಳಿದ್ದು ನಿಜವಾಗಿತ್ತು.

“ನಿನ್ನ ಪಾಸ್‌ವರ್ಡ್ ಇನ್ಯಾರಿಗೆ ಗೊತ್ತು?”

“ಒಮ್ಮೆ ಸರ್ವರ್ ನಿಂತಾಗ ಉಮಾ ಅಕ್ಕಾರಿಗೆ ಫೋನ್‌ನಾಗ ಹೇಳಿದ್ದೆ. ಆಮ್ಯಾಲ ಬದಲಿ ಮಾಡಲಿಲ್ಲ. ಆದ್ರ ಆಕಿ ಒಳ್ಳೇಕಿ ಅದಾಳ್ರಿ.”

ಅಂದೇ ಸಂಜೆ ನಾಲ್ಕಕ್ಕೆ ಬೈರಪ್ಪ ಮತ್ತೆ ಕೇಂದ್ರದ ಮೆಟ್ಟಿಲು ಹತ್ತಿದರು.

“ಅಮಾವಾಸ್ಯೆ ದಿನ ಆಫೀಸ್ ಯಾರು ತೆಗೀತಾರೆ ಅಯ್ಯನವರೇ?”

“ನಾನು ಮಠಕ್ಕೆ ಹೋಗ್ತೀನಿ. ಉಮಾಶ್ರೀ ಒಬ್ಬಳೇ ಬಂದು ಮರುದಿನದ ಮೇಲ್ ಬರೆದಿಡ್ತಾಳೆ. ಬರೆಯೋದಕ್ಕೆ ದೋಷ ಇಲ್ಲ. ಆಚೆ ಹೋಗಬಾರದು, ಅಷ್ಟೇ.”

ಭಾಗವ್ವ ಉಮಾಶ್ರೀಯ ಪಕ್ಕಕ್ಕೆ ಹೋಗಿ ನಿಂತಳು. ಉಮಾಶ್ರೀ ಬರೆಯುತ್ತಿದ್ದ ಮೇಲನ್ನು ಮುಗಿಸಿ, ಕುರ್ಚಿ ಹಿಂದಕ್ಕೆ ಸರಿಸಿ ಎದ್ದಳು.

“ನಾನೇ ಬರೆದಿದ್ದು ಸಾರ್. ಮೇಲ್ ಹೋಗೋ ಹೊತ್ತಿಗೆ ಕೆಂಗೇರೀಲಿ ಇದ್ರೆ ನನ್ನ ಮೇಲೆ ಬರಲ್ಲ ಅಂದ್ಕೊಂಡೆ.”

“ರುದ್ರೇಶನ ಪಾಡು?”

ಅವಳು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿಟ್ಟಳು.

“ವಚನಾ ನಿಮಗೇನು ಮಾಡಿದ್ಲಮ್ಮಾ?”

“ಪಾಪ, ಏನೂ ಮಾಡಿಲ್ಲ. ಶಿವಕಿರಣ್ ಅವರ ತಾಯಿ ಫೋನ್ ಮಾಡಿದ್ರು ಸಾರ್. ‘ಮೊದಲು ನಮ್ಮ ಹುಡುಗನಿಗೆ ನಿಮ್ಮನ್ನೇ ಕೇಳಿದ್ವಮ್ಮಾ, ನಿಮಗೆ ಆಗಲೇ ಮದುವೆ ಗೊತ್ತಾಗಿದೆ ಅಂತ ಅಯ್ಯನವರು ಹೇಳಿದ್ರು’ ಅಂದ್ರು. ನನಗೆಲ್ಲಿ ಮದುವೆ ಗೊತ್ತಾಗಿದೆ? ನನ್ನ ಹೆಸರು ಇಲ್ಲಿ ಹೆಣ್ಣುಗಳ ಪಟ್ಟೀಲಿ ಹನ್ನೊಂದು ವರ್ಷದಿಂದ ಇದೆ. ಇನ್ನೆಷ್ಟು ಜನ ಕೇಳಿದ್ರೋ, ಇವರೆಷ್ಟು ಜನಕ್ಕೆ ಹೀಗೆ ಹೇಳಿದ್ರೋ.”

ಬೈರಪ್ಪ ಏಕಾಂತಯ್ಯನವರತ್ತ ತಿರುಗಿದರು. ಹಿರಿಯರು ವಿಭೂತಿಯ ಹಣೆ ಉಜ್ಜಿಕೊಂಡರು.

“ಇವಳೂ ಮದುವೆಯಾಗಿ ಹೋದ್ರೆ ಆಫೀಸ್ ಯಾರು ನೋಡ್ಕೋತಾರೆ ಸಾರ್?”

ಇಂಥದ್ದಕ್ಕೆ ಯಾವ ಸೆಕ್ಷನ್ ಹಾಕುವುದು? ಬೈರಪ್ಪನವರಿಗೆ ಸಿಟ್ಟು ಬಂತು. ಆದರೂ ಸೂರ್ಯ ಮುಳುಗುವ ಮೊದಲೇ ಉಮಾಶ್ರೀಯ ಬಂಧನದ ಕಾಗದಪತ್ರ ಮುಗಿಸಿದರು. ಮುಂದಿನ ಕೋಣೆಯ ಕಂಪ್ಯೂಟರನ್ನು ವಶಕ್ಕೆ ಪಡೆದರು. ಠಾಣೆಗೆ ಮರಳಿ ರುದ್ರೇಶನಿಗೆ ಮನೆಗೆ ಹೋಗೆಂದರು. ಅವನು ಹೋಗದೆ ಠಾಣೆಯ ಗೇಟಿನ ಬಳಿಯೇ ನಿಂತಿದ್ದ.

ಬೈರಪ್ಪ ವಚನಾಳಿಗೆ ಫೋನ್ ಮಾಡಿ ತಿಳಿಸಿದರು. ಠಾಣೆಯಿಂದ ಸುದ್ದಿ ತಿಳಿದ ಹುಡುಗನ ಮನೆಯವರು ಆಗಲೇ ಕ್ಷಮೆ ಕೇಳಿದ್ದರಂತೆ.

“ನೀವೇನಂದ್ರಿ?”

“ಯೋಚ್ನೆ ಮಾಡಿ ಹೇಳ್ತೀನಿ ಅಂದೆ ಸಾರ್. ಈ ಸಲ ಅವರು ಕಾಯಲಿ.”

ಏಕಾಂತಯ್ಯ ಠಾಣೆಗೆ ಬಂದಾಗ ಉಮಾಶ್ರೀ ಬೆಂಚಿನ ಮೇಲೆ ಭಾಗವ್ವನ ಪಕ್ಕ ಕೂತಿದ್ದಳು. ಸಮಾಧಾನ ಹೇಳಲು ಬಂದಿರಬೇಕೆಂದು ಬೈರಪ್ಪ ಅದೊಂದು ಸಲ ಅನುಮಾನ ಪಡದೆ ದಾರಿ ಬಿಟ್ಟರು. ಏಕಾಂತಯ್ಯ ಅವಳ ಹತ್ತಿರ ಬಗ್ಗಿದರು.

“ಉಮಾ, ಎರಡನೇ ಕಂಪ್ಯೂಟರಿನ ಪಾಸ್‌ವರ್ಡ್ ಏನಮ್ಮಾ? ನಾಲ್ಕು ಸಂಬಂಧ ಇವತ್ತೇ ಹೋಗಬೇಕು.”

ಹನ್ನೊಂದು ವರ್ಷದ ಅಭ್ಯಾಸ. ಕೇಳಿದ ಕೂಡಲೇ ಅವಳು ಹೇಳಿಬಿಟ್ಟಳು. ಅವರು ಬರೆದುಕೊಂಡು ಹೊರಟು ಹೋದ ಮೇಲೆ ಅಳತೊಡಗಿದಳು.