ಮೊಸರಾಗುವ ತನಕ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ ಮಣಿಗಿರಿ ಎಂಬ ರಾಜ್ಯವಿತ್ತು. ಅದು ಯುದ್ಧ ಗೆದ್ದು ಮೂರು ವರ್ಷವಾಗಿತ್ತು. ಆದರೆ ಗೆಲುವಿನ ಸುದ್ದಿ ಅರಮನೆಗಷ್ಟೇ ತಲುಪಿತ್ತು. ಸೋತ ವೈರಿಗಳ ಮಾಂತ್ರಿಕ ಕರಾಳಕೇತ ಓಡುವಾಗ ಒಂದು ಧೂಳುಗುದುರೆಯನ್ನು ಬಿಟ್ಟುಹೋಗಿದ್ದ. ದಿನಕ್ಕೆ ಮೂರು ಸಲ ಅದರ ಗೊರಸಿನ ಸದ್ದು ಕೇಳುತ್ತಿತ್ತು. ಕೇಳಿದೊಡನೆ ಜನ ಗಂಟುಮೂಟೆ ಹೊತ್ತು ಕಾಡಿಗೆ ಓಡುತ್ತಿದ್ದರು. ಉಣ್ಣುವುದೂ ನಿಂತೇ. ಹಾಲಿಗೆ ಹೆಪ್ಪು ಹಾಕುವವರೇ ಇರಲಿಲ್ಲ. ಮೊಸರಾಗುವ ತನಕ ಮನೆಯಲ್ಲಿರುತ್ತೇವೆಂಬ ನಂಬಿಕೆ ಯಾರಿಗಿತ್ತು? ರಾಜ ಸೈನ್ಯ ಕಳಿಸಿದ. ಸೈನಿಕರು ಧೂಳಿಗೆ ಬಾಣ ಬಿಟ್ಟು, ಸೀನುತ್ತ ಹಿಂದಿರುಗಿದರು.

ಆ ರಾಜ್ಯದ ಒಂದು ಊರಲ್ಲಿ ಚೆನ್ನಾಜಿ ಎಂಬ ಹುಡುಗಿಯಿದ್ದಳು. ಅವಳ ತಾಯಿ ಸಂಕವ್ವ ಮೂರು ವರ್ಷದಿಂದ ಕೂತು ಉಂಡಿರಲಿಲ್ಲ. ಸೊರಗಿ ಕಡ್ಡಿಯಾಗಿದ್ದಳು. ಹೀಗೇ ಬಿಟ್ಟರೆ ಅವ್ವ ಉಳಿಯುವುದಿಲ್ಲವೆಂದು ಚೆನ್ನಾಜಿಗೆ ಗೊತ್ತಿತ್ತು.

ಒಂದು ಬೆಳಗ್ಗೆ ಅವಳು ಹಾಲು ಕಾಯಿಸಿದಳು. ಹೆಪ್ಪಿಗೆ ಮಜ್ಜಿಗೆಯ ಹನಿಯೂ ಸಿಗಲಿಲ್ಲ. ಒಣಮೆಣಸಿನಕಾಯಿಯ ತೊಟ್ಟು ಮುರಿದು ಉಗುರುಬೆಚ್ಚಗಿನ ಹಾಲಿಗೆ ಹಾಕಿ ಗಡಿಗೆ ಮುಚ್ಚಿದಳು.

"ಯಾರಿಗ ಇದು? ಸಂಜಿತನಕ ಇರ್ತೀವಂತ ಯಾರ್ ಕಂಡಾರ?" ಎಂದಳು ಸಂಕವ್ವ.

"ಗಡಿಗಿ ಅಲುಗಬಾರ್ದು ಬೇ. ನಾನೂ ಅಲುಗಂಗಿಲ್ಲ."

ಮೊದಲ ಸಲ ಗೊರಸು ಸದ್ದಾಯಿತು. ಊರು ಖಾಲಿಯಾಯಿತು. ಚೆನ್ನಾಜಿಯ ಕಾಲುಗಳು ತಾವೇ ಎದ್ದವು. ಬಾಗಿಲ ಕಂಬ ತಬ್ಬಿಕೊಂಡು ಕೂತಳು. ಕುದುರೆ ದೂರದಿಂದಲೇ ಹೋಯಿತು.

ಎರಡನೇ ಸಲ ಸುಟ್ಟ ಹುಲ್ಲಿನ ವಾಸನೆ ಬಂತು. ಯುದ್ಧದಲ್ಲಿ ಸತ್ತ ಅಣ್ಣ ನೆನಪಾಗಿ ಬಿಕ್ಕಿಬಿಕ್ಕಿ ಅತ್ತಳು, ಆದರೆ ಏಳಲಿಲ್ಲ. ಆಗಲೇ ಅವಳಿಗೆ ಕಂಡಿತು: ಓಡುವವರ ಕಾಲಿನಿಂದ ಎದ್ದ ಧೂಳೇ ಕುದುರೆಗೆ ಮೈಯಾಗುತ್ತಿತ್ತು.

ಕಾಡಿನಿಂದ ಮರಳಿದ ಜನಕ್ಕೆ ಅದನ್ನೇ ಹೇಳಿದಳು. ಎರಡು ಸಲ ಕೂತವಳ ಕೂದಲೂ ಕೊಂಕಿಲ್ಲವೆಂಬುದನ್ನು ಅವರೂ ನೋಡಿದರು.

ಮೂರನೇ ಸಲ ಸದ್ದಾದಾಗ ಜನ ರೂಢಿಯಂತೆ ಮತ್ತೆ ಓಡತೊಡಗಿದರು; ಆ ಧೂಳು ಕುಡಿದು ಕುದುರೆ ಬೆಟ್ಟದಷ್ಟಾಗಿ ಚೆನ್ನಾಜಿಯ ಬಾಗಿಲಿಗೇ ಬಂತು.

"ನಿನಗೆ ಹೆದರಿಕೆ ಇಲ್ಲವೇ?" ಎಂದು ಗುಡುಗಿತು.

"ಐತಿ. ಎದಿ ಡವಡವ ಅಂತೈತಿ. ಆದ್ರ ಮೊಸರಾಗೋತನಕ ಏಳಂಗಿಲ್ಲ."

ಸಂಕವ್ವ ನಡುಗುತ್ತ ಬಂದು ಮಗಳ ಪಕ್ಕ ಕೂತಳು. ಅವಳನ್ನು ಕಂಡು ಪಕ್ಕದ ಮನೆಯವರು ಕೂತರು. ಬೀದಿಗೆ ಬೀದಿಯೇ ಕೂತಿತು. ಮತ್ತೆ ಒಂದು ಕಾಲೂ ಓಡಲಿಲ್ಲ, ಒಂದು ಹಿಡಿ ಧೂಳೂ ಏಳಲಿಲ್ಲ. ಕುದುರೆಯ ಗೊರಸು ಕರಗಿತು, ಹೊಟ್ಟೆ ಕರಗಿತು, ಕೊರಳ ಕೂದಲು ಕರಗಿತು. ಅದರಲ್ಲೇ ಜೀವವಿಟ್ಟಿದ್ದ ಕರಾಳಕೇತನೂ ಎಲ್ಲಿದ್ದನೋ ಅಲ್ಲೇ ಮಣ್ಣಾದ. ಉಳಿದದ್ದನ್ನು ಚೆನ್ನಾಜಿ ಪೊರಕೆಯಿಂದ ಗುಡಿಸಿ ತಿಪ್ಪೆಗೆ ಹಾಕಿದಳು. ಊರೆಲ್ಲ ಕೇಕೆ ಹಾಕಿ ನಕ್ಕಿತು.

ಸಂಜೆಗೆ ಮೊಸರು ಕತ್ತರಿಸುವಷ್ಟು ಗಟ್ಟಿಯಾಗಿತ್ತು. ಸಂಕವ್ವ ಚಕ್ಕಳಮಕ್ಕಳ ಹಾಕಿ ಕೂತು ಎರಡು ಸಲ ಬಡಿಸಿಕೊಂಡಳು. ಮೂರನೇ ಸಲ ಬಡಿಸಲು ಹೋದಾಗ ಮಗಳ ಕೈ ಹಿಡಿದಳು.

"ಎಲ್ಲಾ ಖಾಲಿ ಮಾಡಬ್ಯಾಡ," ಎಂದಳು. "ನಾಳಿ ಹೆಪ್ಪಿಗಿ ಬೇಕಾಗ್ತೈತಿ."

ಆಮೇಲೆ ಮಣಿಗಿರಿಯ ಜನ ನೂರು ಕಾಲ ಕೂತು ಉಂಡರು, ಸುಖವಾಗಿದ್ದರು.