ಹಾಡಲು ಬಾರದ ವರ

“ಸಂಗೀತದಲ್ಲಿ ಡಾಕ್ಟರೇಟ್ ಮಾಡ್ತಾ ಇದ್ದೀರಂತೆ, ಒಂದು ದೇವರನಾಮ ಹಾಡಿ ನೋಡುವ!”

ಹೆಣ್ಣು ನೋಡಲು ಬಂದ ಸಾತ್ವಿಕನನ್ನೇ ಹುಡುಗಿಯ ಅಮ್ಮ ರತ್ನಾವತಿ ಹಾಡಲು ಕೇಳಿಬಿಟ್ಟರು. ಕಾಫಿ ಹಿಡಿದು ಬಂದ ಅಶ್ಮಿತಾ ಬಾಗಿಲಲ್ಲೇ ನಿಂತಳು.

“ನಂಗೆ ಹಾಡ್ಲಿಕ್ಕೆ ಬರುದಿಲ್ಲ ಆಂಟಿ.”

ಮುಂಬಯಿ ಬಳಿಯ ಡೊಂಬಿವಲಿಯ ಆ ಪುಟ್ಟ ಹಾಲ್‌ನಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು!

“ಮತ್ತೆ ಕಲಿತದ್ದು ಎಂತ?” ಅಪ್ಪ ಭುಜಂಗರು ಕೇಳಿದರು.

“ಮ್ಯೂಸಿಕಾಲಜಿ. ಜರ್ಮನ್ನರು ಮುಜೀಕ್‌ವಿಸ್ಸೆನ್‌ಶಾಫ್ಟ್ ಅಂತಾರೆ. ಅಂದ್ರೆ... ಸಂಗೀತವನ್ನು ಅರಿಯುವುದು.”

ಗಂಡಿನ ಕಡೆಯವರು ಹೋದದ್ದೇ ತಡ, ಭುಜಂಗರು ನಕ್ಕರು. “ನಮ್ಮ ಠಾಣೆಯ ವಾಗ್ಳೆ ಎಸ್ಟೇಟಿನ ಹೋಟ್ಲಲ್ಲಿ ನೋಡಿದ್ದೇನೆ, ಹೆಸರು ಉದ್ದ ಇದ್ದ ಐಟಮಿನಲ್ಲಿ ರುಚಿ ಇರುದಿಲ್ಲ! ಆದಿತ್ಯವಾರ ರಾತ್ರಿಯೊಳಗೆ ಉತ್ತರ ಕೊಡ್ಬೇಕು ಮಗಾ. ಹೂಂ ಅಂತೀಯಾ, ಇಲ್ವಾ?”

ಅಶ್ಮಿತಾಳಿಗೆ ಅವನ ಕಣ್ಣು ಹಿಡಿಸಿತ್ತು. ಆದರೆ ಮಾತು? ಹಾಡದವನಿಗೆ ಸಂಗೀತದ ಡಿಗ್ರಿಯೇ? ಸುಳ್ಳಾಗಿದ್ದರೆ...

ಅವಳೇ ಫೋನ್ ಮಾಡಿದಳು. “ಆದಿತ್ಯವಾರ ಸಿಗ್ಬಹುದಾ?”

“ಕೋಪರಖೈರಣೆಯಲ್ಲಿ ಕೆಲಸ ಉಂಟು. ಪ್ರತೀ ವಾರ.”

ಆದಿತ್ಯವಾರ ಎಂಥ ಕೆಲಸ!

ಆ ದಿನ, ಕೋಪರಖೈರಣೆಯ ಗಾಡಿ ಹೊರಡುವ ಠಾಣೆ ಸ್ಟೇಷನ್ನಿನಲ್ಲಿ ಅವಳು ಮರೆಯಲ್ಲಿ ಕಾದಳು. ಅವನು ವಾಶಿ ಲೋಕಲ್ ಹತ್ತಿದ. ಇವಳು ಲೇಡೀಸ್ ಡಬ್ಬಿ ಹತ್ತಿದಳು. ಅವನ ಕೈಯಲ್ಲಿ ಮಲ್ಲಿಗೆ! ಯಾರಿಗೆ? ಇಳಿದವನನ್ನು ದೂರದಿಂದಲೇ ಹಿಂಬಾಲಿಸಿದಳು. ಕೋಪರಖೈರಣೆಯ ಒಂದು ಚಾಳಿನ, ಸಾಲುಮನೆಗಳಲ್ಲೊಂದರ ಒಳಗೆ ಅವನು ಹೋದ. ಒಳಗಿನಿಂದ ಹೆಣ್ಣುದನಿ...

“ಬಾರೋ ನನ್ನ ರಾಜಾ! ಯಾಕ ತಡಾ?”

ಅಶ್ಮಿತಾ ಬಾಗಿಲು ತಳ್ಳಿಯೇಬಿಟ್ಟಳು.

ಎಪ್ಪತ್ತು ದಾಟಿದ ಸಾಬವ್ವ ಎಂಬ ಮುದುಕಿ ಬೊಚ್ಚುಬಾಯಿ ತೆರೆದು ನಗುತ್ತಿದ್ದಳು. ಮುಡಿಯಲ್ಲಿ ಮಲ್ಲಿಗೆ, ಮುಂದೆ ಪುಟ್ಟ ರೆಕಾರ್ಡರ್. ಅದರ ಕೆಂಪು ದೀಪ ಉರಿಯುತ್ತಿತ್ತು.

“ಯಾರವಾ ನೀ? ಕೂಡ್ರು. ಬೀಸೂಕಲ್ಲಿನ ಹಾಡ ಹೇಳಾಕತ್ತೀನಿ. ಇಂವಗ ಹಾಡಾಕ ಬರಂಗಿಲ್ಲ. ಆದ್ರ ನಾ ಮರತ ಸಾಲೆಲ್ಲ ಇಂವನ ಹತ್ರ ಅದಾವ!”

ಅಶ್ಮಿತಾಳ ಮುಖ ಕೆಂಪಾಯಿತು.

“ನನ್ನ ಹಿಂದೆಯೇ ಬಂದದ್ದಾ?” ಸಾತ್ವಿಕ ಮೆಲ್ಲನೆ ಕೇಳಿದ.

“ಹೌದು... ನಂಬಿಕೆ ಬರ್ಲಿಲ್ಲ. ಕ್ಷಮಿಸಿ.”

“ಆ ದಿನ ಅಡುಗೆಮನೆಯಲ್ಲಿ ನೀವು ಗುನುಗ್ತಾ ಇದ್ರಿ. ಎರಡನೇ ಸಾಲಿಗೆ ಮೊದಲು ಸಣ್ಣ ಉಸಿರು ತಗೊಂಡ್ರಿ. ಕಾಫಿ ತಂದಾಗ ಅಲ್ಲಿಗೇ ನಿಲ್ಸಿದ್ರಿ. ಅಂದಿನಿಂದ ಉಳಿದದ್ದು ಕೇಳ್ಬೇಕು ಅಂತ ಕಾಯ್ತಾ ಇದ್ದೇನೆ... ಜೀವಮಾನ ಪೂರ್ತಿ, ನೀವು ಒಪ್ಪಿದ್ರೆ.”

ತಾನೇ ಕೇಳಿಸಿಕೊಳ್ಳದ ತನ್ನ ಉಸಿರನ್ನು ಇವನು ಕೇಳಿದ್ದಾನೆ! ಅವಳ ಕಣ್ಣು ತುಂಬಿತು.

“ಮೊದ್ಲು ನೀವು ಒಂದು ಸಾಲು ಹಾಡಿ. ಆಮೇಲೆ ಅಪ್ಪನಿಗೆ ಹೂಂ ಅಂತೇನೆ.”

“ಖಂಡಿತಾ? ಮತ್ತೆ ಮಾತು ಬದಲಿಸ್ಲಿಕ್ಕಿಲ್ಲ!”

“ಇಲ್ಲ ಮಾರಾಯ್ರೆ, ಹಾಡಿ!”

ಅವನು ಕಣ್ಣು ಮುಚ್ಚಿ ಹಾಡತೊಡಗಿದ.

ಸಾಬವ್ವ ಕೈಚಾಚಿ ರೆಕಾರ್ಡರ್ ಆರಿಸಿದಳು.